ಹನ್ನೆರಡು ತಿಂಗಳ ಅನುದಾನ, ಇಪ್ಪತ್ನಾಲ್ಕು ತಿಂಗಳ ಹಲ್ಲು

ತುಮಕೂರಿನಲ್ಲಿ ಆರ್ಥೊಡಾಂಟಿಕ್ಸ್, ಅಂದರೆ ನಮ್ಮ ಕಡೆಯವರು ‘ಹಲ್ಲಿಗೆ ಕ್ಲಿಪ್ ಹಾಕಿಸುವುದು’ ಎನ್ನುವ ವಿದ್ಯೆಯನ್ನು, ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಕಲಿಸುತ್ತಿರುವ ನಾನು ಕಳೆದ ಎರಡೂವರೆ ವರ್ಷಗಳಿಂದ ಒಂದು ಸಂಸ್ಥೆಯ ಸಣ್ಣ ಸಂಶೋಧನಾ ಅನುದಾನದ ಗ್ರಾಹಕನಾಗಿದ್ದೇನೆ. ಮಿಕ್ಸಿ, ಫೋನು, ಹೋಟೆಲುಗಳ ಬಗ್ಗೆ ಜನ ಅಭಿಪ್ರಾಯ ಬರೆಯುತ್ತಾರೆ. ಅರ್ಜಿ, ಕಂತು, ವಾಯಿದೆ, ಷರತ್ತು ಎಲ್ಲವೂ ಇರುವ ಅನುದಾನವೂ ಒಂದು ಸೇವೆಯೇ ಆದ್ದರಿಂದ ಅದರ ಗುಣದೋಷಗಳನ್ನೂ ಹಾಗೆಯೇ ಬರೆದಿಡಬಹುದೆನಿಸಿತು. ಸಂಸ್ಥೆಯ ಹೆಸರು ಬೇಡ. ಅದರ ದೋಷ ಅದೊಂದರದೇ ಅಲ್ಲ.

ನಮ್ಮ ಪ್ರಶ್ನೆ ಹುಟ್ಟಿದ್ದು ಪಾವಗಡದ ನೀರಿನಿಂದ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ಸಹಿಸಬಹುದು ಎಂಬುದು ಭಾರತೀಯ ಮಾನಕ ಬ್ಯೂರೋ ಹಾಕಿದ ಗೆರೆ. ಪಾವಗಡ, ಬಾಗೇಪಲ್ಲಿಯಂಥ ತಾಲ್ಲೂಕುಗಳ ಎಷ್ಟೋ ಕೊಳವೆಬಾವಿಗಳ ನೀರು ಈ ಗೆರೆಯನ್ನು ದಾಟಿ ಬಹುಕಾಲವಾಯಿತು. ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ ಆ ನೀರು ಕುಡಿದು ಬೆಳೆದ ಮಕ್ಕಳ ಎನಾಮೆಲ್, ಅಂದರೆ ಹಲ್ಲಿನ ಗಟ್ಟಿ ಹೊರಕವಚದ ಮೇಲೆ ಸುಣ್ಣ ಬಳಿದಂಥ ಮಚ್ಚೆಗಳು, ಕಂದು ಪಟ್ಟೆಗಳು ಮೂಡುತ್ತವೆ. ಇದೇ ಫ್ಲೋರೋಸಿಸ್. ತಂತಿಯನ್ನು ಹಿಡಿದಿಡುವ ಪುಟ್ಟ ತುಣುಕಾದ ಬ್ರಾಕೆಟ್ಟನ್ನು ಹಲ್ಲಿಗೆ ಅಂಟಿಸುವ ಮೊದಲು ಶೇಕಡ 37ರ ಫಾಸ್ಫಾರಿಕ್ ಆಮ್ಲ ಸವರಿ ಹಲ್ಲಿನ ಮೈಯನ್ನು ಒರಟು ಮಾಡುತ್ತೇವೆ. ಸಾಮಾನ್ಯ ಹಲ್ಲಿನಲ್ಲಿ ಅರ್ಧ ನಿಮಿಷದೊಳಗೆ ಮುಗಿಯುವ ಈ ಕೆಲಸ, ಹೊರಪದರ ಆಮ್ಲಕ್ಕೆ ಜಗ್ಗದೆ ಒಳಪದರ ಮಾತ್ರ ಟೊಳ್ಳಾಗಿರುವ ಫ್ಲೋರೋಸಿಸ್ ಹಲ್ಲಿನಲ್ಲಿ ಅರೆಬರೆಯಾಗಿ ನಿಲ್ಲುತ್ತದೆ. ಅಂಟು ಹಿಡಿಯುವುದಿಲ್ಲ, ಬ್ರಾಕೆಟ್ ಬೀಳುತ್ತದೆ.

ಪಾವಗಡದಾಚೆಯ ಹಳ್ಳಿಯೊಂದರ ಹುಡುಗಿಯನ್ನು ಅವಳ ತಾಯಿ ತಿಂಗಳಿಗೊಮ್ಮೆ ಕರೆತರುತ್ತಿದ್ದರು. ಪ್ರತಿ ಸಲವೂ ಬಿದ್ದ ಬ್ರಾಕೆಟ್ಟನ್ನು ಕುಂಕುಮದ ಪೊಟ್ಟಣದಲ್ಲಿ ಮಡಿಸಿ ಸೆರಗಿನ ತುದಿಗೆ ಗಂಟು ಹಾಕಿಕೊಂಡು ಬಂದು, ಗಂಟು ಬಿಚ್ಚಿ ಮೇಜಿನ ಮೇಲಿಟ್ಟು, ‘ಸಾರ್, ಕೋಡುಬಳೆ ಕೊಟ್ಟಿಲ್ಲ, ಕಬ್ಬು ಕೊಟ್ಟಿಲ್ಲ, ಮುದ್ದೆ ಬಿಟ್ಟು ಏನೂ ಕೊಟ್ಟಿಲ್ಲ’ ಎಂದು ತಮ್ಮದೇ ತಪ್ಪೆಂಬಂತೆ ಹೇಳುತ್ತಿದ್ದರು. ಮುದ್ದೆಯನ್ನು ನುಂಗುವುದಲ್ಲದೆ ಅಗಿಯುವುದಿಲ್ಲವಾದ್ದರಿಂದ ಅದರ ಮೇಲೆ ಅಪವಾದ ಹೊರಿಸುವಂತಿರಲಿಲ್ಲ. ನೂರು ಕಿಲೋಮೀಟರಿನಷ್ಟು ದಾರಿ, ಮಧುಗಿರಿ, ಕೊರಟಗೆರೆ ದಾಟಿ ಬರಬೇಕು. ಒಂದು ಬ್ರಾಕೆಟ್ ಮತ್ತೆ ಅಂಟಿಸಲು ಹತ್ತು ನಿಮಿಷ ಸಾಕು, ಅದಕ್ಕಾಗಿ ಅವರ ಒಂದು ದಿನದ ಕೂಲಿ ಹೋಗುತ್ತದೆ.

ಆಮ್ಲವನ್ನು ಹೆಚ್ಚು ಹೊತ್ತು ಇಡುವುದು ಮೇಲೋ, ಮೊದಲು ಮೇಲ್ಪದರವನ್ನು ಸೂಕ್ಷ್ಮವಾಗಿ ಉಜ್ಜಿ ತೆಗೆಯುವುದು ಮೇಲೋ ಎಂಬುದನ್ನು, ಒಂದೇ ಬಾಯಿಯ ಎಡಬಲಗಳಲ್ಲಿ ಒಂದೊಂದು ವಿಧಾನ ಅನುಸರಿಸಿ, ಚಿಕಿತ್ಸೆ ಮುಗಿಯುವವರೆಗೆ ಬಿದ್ದ ಬ್ರಾಕೆಟ್ಟುಗಳನ್ನು ಎಣಿಸಿ ನೋಡೋಣವೆಂದು ನನ್ನ ವಿದ್ಯಾರ್ಥಿನಿಯೂ ನಾನೂ ಅರ್ಜಿ ಬರೆದೆವು. ಅರ್ಜಿಯ ನಮೂನೆಯ ಬಗ್ಗೆ ನನ್ನ ತಕರಾರಿಲ್ಲ. ಪ್ರಶ್ನೆಗಳು ನೇರವಾಗಿದ್ದವು, ಪರಿಶೀಲಕರೊಬ್ಬರ ಟಿಪ್ಪಣಿಯಂತೂ ಉತ್ತಮ ಗುರುವಿನ ಪಾಠದಂತಿತ್ತು: ಮಚ್ಚೆಗಳ ತೀವ್ರತೆಯನ್ನು ಕಣ್ಣಂದಾಜಿಗೆ ಬಿಡದೆ, 1978ರಲ್ಲಿ ಥಿಲ್‌ಸ್ಟ್ರಪ್ ಮತ್ತು ಫೆಯೆರ್‌ಸ್ಕೋವ್ ರೂಪಿಸಿದ ಸೂಚ್ಯಂಕದಂತೆ ಶ್ರೇಣೀಕರಿಸಿ ಎಂದು ಅವರು ಬರೆಯದಿದ್ದರೆ ನಮ್ಮ ಅಂಕಿಗಳೆಲ್ಲ ಕಲಸುಮೇಲೋಗರವಾಗುತ್ತಿದ್ದವು. ನೈತಿಕ ಸಮಿತಿಯ ಒಪ್ಪಿಗೆಯೂ, 2007ರಿಂದ ನಡೆಯುತ್ತಿರುವ ಭಾರತೀಯ ಕ್ಲಿನಿಕಲ್ ಟ್ರಯಲ್ ನೋಂದಣಿಯೂ ಕಾಸಿನ ಖರ್ಚಿಲ್ಲದೆ ಮುಗಿದವು. ಮೊದಲ ಕಂತು ಹೇಳಿದ ತಿಂಗಳಿಗೇ ಬಂತು. ಇಷ್ಟಕ್ಕೆ ಪೂರ್ಣ ಅಂಕ ಕೊಡುತ್ತೇನೆ.

ತೊಡಕೆಲ್ಲ ಕ್ಯಾಲೆಂಡರಿನದು. ಅನುದಾನದ ಅವಧಿ ಹನ್ನೆರಡು ತಿಂಗಳು. ಮೂಳೆಯ ನಡುವೆ ಹಲ್ಲು ಸರಿಯುವುದು ತಿಂಗಳಿಗೆ ಸುಮಾರು ಒಂದು ಮಿಲಿಮೀಟರ್. ಕೋರೆಹಲ್ಲಿನ ಹಿಂದಿನ ಪ್ರೀಮೋಲಾರ್ ಹಲ್ಲನ್ನು ಕೀಳಿಸಿದ ಜಾಗವನ್ನು ಮುಚ್ಚಿ, ಸಾಲನ್ನು ನೇರ ಮಾಡಿ, ಕಚ್ಚುವಿಕೆಯನ್ನು ಹೊಂದಿಸುವುದಕ್ಕೆ ಒಂದೂವರೆಯಿಂದ ಎರಡು ವರ್ಷ ಬೇಕು, ಅದಾದ ಮೇಲೆ ಹಲ್ಲು ಹಿಂದಕ್ಕೆ ಸರಿಯದಂತೆ ರಿಟೇನರ್ ಹಾಕಿಕೊಳ್ಳುವ ಕಾಲ ಬೇರೆ. ದಂತವೈದ್ಯದ ಸ್ನಾತಕೋತ್ತರ ಪದವಿಯಾದ ಎಂಡಿಎಸ್ ಕೋರ್ಸು ಮೂರು ವರ್ಷದ್ದಾದರೂ, ಸಿನಾಪ್ಸಿಸ್ ಅಂದರೆ ಸಂಶೋಧನೆಯ ರೂಪುರೇಷೆ ಒಪ್ಪಿಸುವ ಮೊದಲ ಆರು ತಿಂಗಳನ್ನೂ ಪ್ರಬಂಧ ಸಲ್ಲಿಸಿದ ಮೇಲಿನ ಕೊನೆಯ ಆರು ತಿಂಗಳನ್ನೂ ಕಳೆದರೆ ವಿದ್ಯಾರ್ಥಿಯ ಕೈಗೆ ಉಳಿಯುವುದು ಹೆಚ್ಚುಕಡಿಮೆ ಎರಡು ವರ್ಷ, ಅಂದರೆ ಒಬ್ಬ ರೋಗಿಯ ಚಿಕಿತ್ಸೆಯಷ್ಟೇ ಕಾಲ. ಆ ಎರಡರಲ್ಲಿ ಒಂದನ್ನು ಅನುದಾನದ ವಾಯಿದೆ ಕತ್ತರಿಸಿಬಿಡುತ್ತದೆ. ಹನ್ನೆರಡನೆಯ ತಿಂಗಳಿನಲ್ಲಿ ನಮ್ಮಿಂದ ‘ಅಂತಿಮ ವರದಿ’ ಕೇಳಿದಾಗ ಪಾವಗಡದ ಹುಡುಗಿಯ ಮುಂದಿನ ಹಲ್ಲುಗಳ ನಡುವೆ ಇನ್ನೂ ಜಾಗವಿತ್ತು.

ಹೀಗಿರುವಾಗ ಜಾಣ ವಿದ್ಯಾರ್ಥಿಗಳು ಏನು ಮಾಡುತ್ತಾರೆಂಬುದನ್ನು ಯಾವ ವಿಭಾಗದ ಪ್ರಬಂಧಗಳ ಕಪಾಟು ತೆರೆದರೂ ನೋಡಬಹುದು. ಥೈಮಾಲ್ ದ್ರಾವಣದ ಬಾಟಲಿಯಲ್ಲಿ ಕಿತ್ತ ಪ್ರೀಮೋಲಾರ್‌ಗಳನ್ನು ಕೂಡಿಹಾಕಿ, ಅವುಗಳ ಮೇಲೆ ಬ್ರಾಕೆಟ್ ಅಂಟಿಸಿ, ಕೀಳಲು ಬೇಕಾದ ಬಲವನ್ನು ಅಳೆಯುವ ಯೂನಿವರ್ಸಲ್ ಟೆಸ್ಟಿಂಗ್ ಯಂತ್ರಕ್ಕೆ ಒಡ್ಡಿ, ಎಷ್ಟು ಮೆಗಾಪ್ಯಾಸ್ಕಲ್‌ಗೆ ಕಿತ್ತುಬಂತೆಂದು ಬರೆದರೆ ಆರು ತಿಂಗಳಿಗೆ ಕೆಲಸ ಮುಗಿಯುತ್ತದೆ. ಬ್ರಾಕೆಟ್ ನಿಲ್ಲಲು 6ರಿಂದ 8 ಮೆಗಾಪ್ಯಾಸ್ಕಲ್ ಸಾಕೆಂದು ರೆನಾಲ್ಡ್ಸ್ 1975ರಲ್ಲಿ ಹೇಳಿದ ಅಂಕಿಯನ್ನು ಪೀಠಿಕೆಯಲ್ಲೊಮ್ಮೆ, ಚರ್ಚೆಯಲ್ಲೊಮ್ಮೆ ಉದಾಹರಿಸಿದರಾಯಿತು. ಇಂಥ ಪ್ರಯೋಗ ನಿಷ್ಪ್ರಯೋಜಕವೆಂದಲ್ಲ, ನಾನೂ ನನ್ನ ಕಾಲದಲ್ಲಿ ಮಾಡಿದ್ದು ಅದನ್ನೇ. ಆದರೆ ಬಾಟಲಿಯ ಹಲ್ಲು ಮುದ್ದೆ ಉಣ್ಣುವುದಿಲ್ಲ, ರಾತ್ರಿ ಕಟಕಟಿಸುವುದಿಲ್ಲ, ಬಸ್ಸು ತಪ್ಪಿಸಿಕೊಳ್ಳುವುದಿಲ್ಲ. ಯಾವ ಪ್ರಶ್ನೆಗೆ ಉತ್ತರ ಬೇಕು ಎಂಬುದನ್ನು ರೋಗಿಯಾಗಲಿ ವೈದ್ಯನಾಗಲಿ ತೀರ್ಮಾನಿಸದೆ, ಹಣ ಕೊಡುವವರ ಹಣಕಾಸು ವರ್ಷ ತೀರ್ಮಾನಿಸುತ್ತಿದೆ ಎಂಬುದೇ ನನ್ನ ಮುಖ್ಯ ದೂರು.

ನಿಧಾನವಾಗಿ ಬೆಳೆಯುವುದಕ್ಕೆ ನಿಧಾನದ ಹಣ ಬೇಕೆಂಬುದು ಈ ಶಾಸ್ತ್ರಕ್ಕೆ ಹೊಸದೇನಲ್ಲ. ಅಮೆರಿಕದ ಕ್ಲೀವ್‌ಲೆಂಡಿನಲ್ಲಿ ಬ್ರಾಡ್‌ಬೆಂಟ್ ಎಂಬ ವೈದ್ಯರು ಮಕ್ಕಳ ತಲೆಯನ್ನು ಪ್ರತಿ ಸಲವೂ ಒಂದೇ ಸ್ಥಾನದಲ್ಲಿ ಹಿಡಿದಿಟ್ಟು ಎಕ್ಸ್‌ರೇ ತೆಗೆಯುವ ಉಪಕರಣ ರೂಪಿಸಿ 1931ರಲ್ಲಿ ಪ್ರಕಟಿಸಿದರು; ಇಂದು ನಾವು ಪ್ರತಿ ರೋಗಿಗೂ ತೆಗೆಸುವ ಸೆಫಲೋಗ್ರಾಮಿನ ಮೂಲ ಅದೇ. ಅದಕ್ಕೆ ಹಣ ಕೊಟ್ಟವರು ಅವರ ರೋಗಿಯಾಗಿದ್ದ ಹುಡುಗನ ತಾಯಿ, ಮುಂದೆ ಅಮೆರಿಕದ ಸಂಸತ್ತಿಗೆ ಆಯ್ಕೆಯಾದ ಫ್ರಾನ್ಸಿಸ್ ಬೋಲ್ಟನ್. ಅದೇ ಮಕ್ಕಳನ್ನು ವರ್ಷ ವರ್ಷವೂ ಕರೆಸಿ ಮುಖದ ಬೆಳವಣಿಗೆ ದಾಖಲಿಸಿದ ಆ ಅಧ್ಯಯನ ದಶಕಗಳ ಕಾಲ ನಡೆಯಿತು. ಕೆನಡಾದ ಬರ್ಲಿಂಗ್ಟನ್ನಿನಲ್ಲಿ 1952ರಲ್ಲಿ ಇಂಥದೇ ಇನ್ನೊಂದು ಆರಂಭವಾಯಿತು. ಚಿಕಿತ್ಸೆ ಬೇಡದ ಮಕ್ಕಳಿಗೂ ಮತ್ತೆ ಮತ್ತೆ ಎಕ್ಸ್‌ರೇ ತೆಗೆಯಲು ಇಂದಿನ ಯಾವ ನೈತಿಕ ಸಮಿತಿಯೂ ಒಪ್ಪುವುದಿಲ್ಲವಾದ್ದರಿಂದ ಆ ದಾಖಲೆಗಳಿಗೆ ಬದಲಿಯಿಲ್ಲ. 1994ರಲ್ಲಿ ಸ್ಥಾಪನೆಯಾದ ಅಮೆರಿಕದ ಆರ್ಥೊಡಾಂಟಿಸ್ಟರ ಸಂಘದ ಪ್ರತಿಷ್ಠಾನ ಇಂಥ ಒಂಬತ್ತು ಸಂಗ್ರಹಗಳನ್ನು ಡಿಜಿಟಲ್ ರೂಪಕ್ಕೆ ತರಿಸಿ ಸಂಶೋಧಕರಿಗೆ ತೆರೆದಿಟ್ಟಿದೆ. ಅದೇ ಪ್ರತಿಷ್ಠಾನದ ನಗದು ಅನುದಾನಗಳು ಮುಖ್ಯವಾಗಿ ಅಮೆರಿಕ, ಕೆನಡಾದ ಅಧ್ಯಾಪಕರಿಗೆ. ತುಮಕೂರಿನವರಿಗೆ ದಕ್ಕುವುದು ಈ ಚಿತ್ರಸಂಗ್ರಹ. ಅದರ ಮುಖಗಳು ಬಹುಪಾಲು ಯುರೋಪ್ ಮೂಲದವು, ನಮ್ಮ ಮಕ್ಕಳ ದವಡೆಗೆ ಆ ಅಳತೆ ಹಾಗೆಯೇ ಒಗ್ಗದು ಎಂಬ ಎಚ್ಚರವಿದ್ದರೆ ಬಳಸಬಹುದು.

ಬೇರೆ ಯೋಜನೆಗಳ ಬಗ್ಗೆ ಕೇಳುವವರಿಗಾಗಿ ಎರಡು ಮಾತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಎಂಬಿಬಿಎಸ್, ಬಿಡಿಎಸ್ ವಿದ್ಯಾರ್ಥಿಗಳಿಗಾಗಿ 1979ರಲ್ಲಿ ಆರಂಭಿಸಿದ ಅಲ್ಪಾವಧಿ ವಿದ್ಯಾರ್ಥಿವೇತನ ಎರಡು ತಿಂಗಳದ್ದು. ಸಂಶೋಧನೆಯ ಅಕ್ಷರಾಭ್ಯಾಸಕ್ಕೆ ಅದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ, ಶಾಲೆಗಳಲ್ಲಿ ಫ್ಲೋರೋಸಿಸ್ ಸಮೀಕ್ಷೆ ಮಾಡುವವರು ಧಾರಾಳವಾಗಿ ಹಾಕಬಹುದು. ತಂತಿಯ ಬದಲು ಹಲ್ಲಿಗೆ ತೊಡಿಸುವ ಪಾರದರ್ಶಕ ಅಚ್ಚು ಇನ್ವಿಸಲೈನ್ ತಯಾರಿಸುವ ಅಲೈನ್ ಟೆಕ್ನಾಲಜಿ ಕಂಪನಿಯೂ ವಿಶ್ವವಿದ್ಯಾಲಯದ ಅಧ್ಯಾಪಕರಿಗೆ ಸಂಶೋಧನಾ ಪ್ರಶಸ್ತಿ ಕೊಡುತ್ತದೆ. ಮಾರುವವರ ಹಣದಲ್ಲಿ ಮಾರುವ ವಸ್ತುವನ್ನೇ ಅಳೆಯುವಾಗ ಆ ಸಂಗತಿಯನ್ನು ಪ್ರಬಂಧದಲ್ಲಿ ದಪ್ಪ ಅಕ್ಷರದಲ್ಲೇ ಹೇಳಬೇಕೆಂಬುದು ನನ್ನ ಮತ.

ಪ್ರಶಸ್ತಿಗಳದ್ದು ಇನ್ನೊಂದು ಕತೆ. ಸಮ್ಮೇಳನಗಳಲ್ಲಿ ಎಂಟು ನಿಮಿಷ ಮಾತಾಡಿದವರಿಗೆ ಫಲಕ, ಶಾಲು, ಪ್ರಮಾಣಪತ್ರ ಸಿಗುತ್ತವೆ, ವಿದ್ಯಾರ್ಥಿಗಳಿಗೆ ಅದರಿಂದ ಹುರುಪು ಬರುವುದೂ ನಿಜ. ಆದರೆ ನೋಂದಣಿ ಶುಲ್ಕ, ರೈಲು, ಲಾಡ್ಜು ಎಲ್ಲ ಸೇರಿ ತಗುಲಿದ ಹಣವನ್ನು ಯಾವ ಫಲಕವೂ ತುಂಬಿಕೊಡುವುದಿಲ್ಲ. ಈ ಕ್ಷೇತ್ರದ ಅತಿ ದೊಡ್ಡ ಗೌರವಗಳಲ್ಲಿ ಒಂದಾದ ಕೆಚಮ್ ಪ್ರಶಸ್ತಿ ಯಾರ ಹೆಸರಿನಲ್ಲಿದೆಯೋ ಆ ಆಲ್ಬರ್ಟ್ ಕೆಚಮ್, ಹಲ್ಲು ಸರಿಸಿದ ರೋಗಿಗಳಲ್ಲಿ ಬೇರಿನ ತುದಿ ಕರಗುವುದನ್ನು ಎಕ್ಸ್‌ರೇಗಳಲ್ಲಿ ತೋರಿಸಿ 1927ರಲ್ಲಿ ತನ್ನ ವೃತ್ತಿಯನ್ನೇ ಬೆಚ್ಚಿಬೀಳಿಸಿದವರು. ಚಿಕಿತ್ಸೆ ಪಡೆದ ಬಾಯಿಯನ್ನು ಹಿಂಬಾಲಿಸದೆ ಕಿತ್ತ ಹಲ್ಲನ್ನಷ್ಟೇ ನೋಡಿದ್ದರೆ ಅದು ಅವರ ಕಣ್ಣಿಗೆ ಬೀಳುತ್ತಿರಲಿಲ್ಲ.

ಹಾಗಾದರೆ ನಾನು ಬಳಸಿದ ಅನುದಾನಕ್ಕೆ ಅರ್ಜಿ ಹಾಕಬಹುದೇ? ಪ್ರಯೋಗಾಲಯದ ಕೆಲಸಕ್ಕಾದರೆ ಕಣ್ಣುಮುಚ್ಚಿ ಹಾಕಿ. ರೋಗಿಗಳ ಮೇಲಿನ ಅಧ್ಯಯನಕ್ಕಾದರೆ ವಾಯಿದೆ ವಿಸ್ತರಣೆಯ ಪತ್ರವನ್ನು ಎಂಟನೆಯ ತಿಂಗಳಿಗೇ ಕಳುಹಿಸಿ. ನಾವು ಹನ್ನೊಂದನೆಯ ತಿಂಗಳಿಗೆ ಕಳುಹಿಸಿ ಕೆಟ್ಟೆವು. ವಿಸ್ತರಣೆ ಸಿಕ್ಕಿತು, ‘ಹೆಚ್ಚುವರಿ ಹಣವಿಲ್ಲದೆ’ ಎಂಬ ಷರತ್ತಿನ ಮೇಲೆ. ಎರಡನೆಯ ವರ್ಷದ ಬ್ರಾಕೆಟ್, ಅಂಟು, ವೈರುಗಳನ್ನು ವಿದ್ಯಾರ್ಥಿನಿ ತನ್ನ ಸ್ಟೈಪೆಂಡಿನಿಂದ ಕೊಂಡಳು.

ರೋಗಿಗಳ ಪ್ರಯಾಣಕ್ಕಾಗಲಿ, ಕಳೆದುಹೋದ ಕೂಲಿಗಾಗಲಿ ಅರ್ಜಿಯಲ್ಲಿ ಬಾಬ್ತೇ ಇಲ್ಲ. ‘ಮಾದರಿ ಸಾಗಣೆ’ ಎಂಬ ಬಾಬ್ತಿನಲ್ಲಿ ತೋರಿಸಿ ಎಂದು ಅನುಭವಸ್ಥರೊಬ್ಬರು ಸೂಚಿಸಿದರು. ಬಸ್ಸಿನಲ್ಲಿ ಮೂರು ಗಂಟೆ ಕುಳಿತು ಬರುವ ಹುಡುಗಿಯನ್ನು ಸಾಗಣೆಯ ಸರಕೆಂದು ಬರೆಯಲು ಮನಸ್ಸೊಪ್ಪಲಿಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ತಾಯಿ ಮಗಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಹಣ ಕೊಡಬೇಕಿಲ್ಲ, ಆದರೆ ಗಂಡುಮಕ್ಕಳಿಗೆ ಆ ಸವಲತ್ತಿಲ್ಲ. ರೋಗಿಗಳು ತಪ್ಪದೆ ಬಂದಿದ್ದಾರೆಂಬುದಕ್ಕೆ ಪುರಾವೆಯಾಗಲೆಂದು ವಿದ್ಯಾರ್ಥಿನಿ ಎಲ್ಲರ ಟಿಕೆಟ್ಟುಗಳನ್ನೂ ಜೋಪಾನವಾಗಿ ಅಂಟಿಸಿ ಲೆಕ್ಕಪತ್ರಕ್ಕೆ ಲಗತ್ತಿಸಿದ್ದಳು. ಕೊನೆಯ ಕಂತು ತಡೆಹಿಡಿದ ಪತ್ರ ಹೋದ ವಾರ ಬಂದಿದೆ. ಶೂನ್ಯ ಮೊತ್ತದ ಇಪ್ಪತ್ತೆರಡು ಟಿಕೆಟ್ಟುಗಳನ್ನು ಯಾವ ಬಾಬ್ತಿನಡಿ ಲಗತ್ತಿಸಲಾಗಿದೆ ಎಂದು ಅದರಲ್ಲಿ ವಿವರಣೆ ಕೇಳಿದ್ದಾರೆ.