ಜನಾಂಗದ ಚಾರ್ಟು, ಸರ್ಕಾರಗಳ ಕಾರ್ಡು: ಹೈಸ್ಕೂಲಿನ ಒಂದು ಚಟುವಟಿಕೆ ಪೆಟ್ಟಿಗೆಯ ವಿಮರ್ಶೆ

ಎಂಟರಿಂದ ಹತ್ತನೇ ತರಗತಿಯವರೆಗೆ ಬಳಸಲೆಂದು ಮಾಡಿದ ಸಮಾಜ ವಿಜ್ಞಾನದ ಪೆಟ್ಟಿಗೆ ಇದು. ಒಳಗೆ ಲ್ಯಾಮಿನೇಟ್ ಮಾಡಿದ ಎರಡು ಗೋಡೆ ಚಾರ್ಟು, ದೇಶಗಳ 24 ಕಾರ್ಡು, ಮತಚೀಟಿಗಳ ಕಟ್ಟು, ಮಡಚಿಡಬಹುದಾದ ರಟ್ಟಿನ ಮತಪೆಟ್ಟಿಗೆ, ಶಿಕ್ಷಕರಿಗೊಂದು ಕೈಪಿಡಿ. ಕಾರ್ಡು ಮತ್ತು ಮತಪೆಟ್ಟಿಗೆಗಾಗಿ ಕೊಳ್ಳಬಹುದು. ‘ಜಗತ್ತಿನ ಜನಾಂಗಗಳು’ ಎಂಬ ಚಾರ್ಟನ್ನು ಮಾತ್ರ ಗೋಡೆಗೆ ಹಾಕಬೇಡಿ.

ಆ ಚಾರ್ಟಿನಲ್ಲಿ ನಾಲ್ಕು ಮುಖ, ನಾಲ್ಕು ಹೆಸರು. ಭಾರತೀಯರಲ್ಲಿ ಹೆಚ್ಚಿನವರನ್ನು ಯುರೋಪಿನ ಬಿಳಿಯರ ಜೊತೆ ‘ಕಾಕಸಾಯ್ಡ್’ ಎಂಬ ಗುಂಪಿಗೆ ಹಾಕಿದ್ದಾರೆ. ಮೈಬಣ್ಣ ಬಿಸಿಲಿನ ನೇರಳಾತೀತ ಕಿರಣಕ್ಕೆ ತಕ್ಕಂತೆ ಊರಿಂದೂರಿಗೆ ಸ್ವಲ್ಪಸ್ವಲ್ಪವೇ ಬದಲಾಗುತ್ತ ಹೋಗುತ್ತದೆ. ಇಲ್ಲಿಗೆ ಒಂದು ಮುಗಿಯಿತು, ಇಲ್ಲಿಂದ ಇನ್ನೊಂದು ಎಂದು ಎಲ್ಲೂ ಗೆರೆ ಎಳೆಯಲಾಗದು. ಯಾವುದೇ ಇಬ್ಬರು ಮನುಷ್ಯರ ಡಿಎನ್‌ಎ ಸುಮಾರು 99.9 ಶೇಕಡಾ ಒಂದೇ. ಉಳಿದ ವ್ಯತ್ಯಾಸದಲ್ಲೂ ದೊಡ್ಡ ಪಾಲು ಒಂದೊಂದು ಜನಸಮುದಾಯದ ಒಳಗೇ ಇದೆ.

ಆದರೆ ಇದಕ್ಕಿಂತ ದೊಡ್ಡ ತಪ್ಪು ಪೆಟ್ಟಿಗೆಯ ಜೋಡಣೆಯಲ್ಲಿದೆ. ಜನಾಂಗ ಒಂದು ಪಾಠ, ಸರ್ಕಾರ ಇನ್ನೊಂದು ಪಾಠ ಎಂದು ಬೇರೆ ಮಾಡಿಬಿಟ್ಟಿದ್ದಾರೆ. ಯಾರು ಯಾವ ಜನಾಂಗ ಎಂದು ಬರೆದಿಟ್ಟದ್ದು ಸರ್ಕಾರಗಳೇ. 1923ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಮುಂದೆ ಪಂಜಾಬಿನಿಂದ ವಲಸೆ ಹೋಗಿದ್ದ ಭಗತ್ ಸಿಂಗ್ ಥಿಂಡ್ ಅವರು ಇದೇ ಚಾರ್ಟಿನ ವಾದವನ್ನೇ ಇಟ್ಟಿದ್ದರು: ಮಾನವಶಾಸ್ತ್ರದ ಪ್ರಕಾರ ನಾನು ಕಾಕಸಾಯ್ಡ್, ಅಂದರೆ ಬಿಳಿಯ, ಆದ್ದರಿಂದ ನನಗೆ ಪೌರತ್ವ ಸಿಗಬೇಕು. ಜನಸಾಮಾನ್ಯರ ತಿಳಿವಳಿಕೆಯಲ್ಲಿ ನೀವು ಬಿಳಿಯರಲ್ಲ ಎಂದು ಕೋರ್ಟು ತಳ್ಳಿಹಾಕಿತು. 1920ರಿಂದ 1940ರವರೆಗಿನ ಅಮೆರಿಕದ ಜನಗಣತಿಯಲ್ಲಂತೂ ‘ಹಿಂದೂ’ ಎಂಬುದೇ ಒಂದು ಜನಾಂಗ. ಚಾರ್ಟಿನ ಜಾಗದಲ್ಲಿ ಈ ಮೂರು ಸಾಲನ್ನು ಡ್ರಾಯಿಂಗ್ ಶೀಟಿನಲ್ಲಿ ಬರೆದು ಹಾಕಿದರೆ ಪಾಠ ತಾನಾಗಿ ಶುರುವಾಗುತ್ತದೆ.

ಪಾಠಕ್ಕೆ ಮೊದಲು ಹತ್ತು ನಿಮಿಷ ಪದಕ್ಕೇ ಕೊಡಬೇಕು. ಕೈಪಿಡಿ ಇದನ್ನು ಮುಟ್ಟುವುದೇ ಇಲ್ಲ. ಕನ್ನಡದಲ್ಲಿ ‘ಮುಂದಿನ ಜನಾಂಗ’ ಎಂದರೆ ಪೀಳಿಗೆ, ‘ನಮ್ಮ ಜನಾಂಗದವರು’ ಎಂದರೆ ಜಾತಿ, ‘ಬುಡಕಟ್ಟು ಜನಾಂಗ’ ಎಂದರೆ ಮತ್ತೊಂದು. ‘ವರ್ಣ’ ಎಂದರೆ ಬಣ್ಣವೂ ಹೌದು, ಚಾತುರ್ವರ್ಣ್ಯವೂ ಹೌದು. ಬಿಡಿಸಿ ಹೇಳದಿದ್ದರೆ ಅರ್ಧ ತರಗತಿ ಜಾತಿಯನ್ನೂ ರೇಸನ್ನೂ ಒಂದೇ ಎಂದುಕೊಂಡು ಉತ್ತರ ಬರೆಯುತ್ತದೆ. ನಮ್ಮ ಸಂವಿಧಾನದ 15ನೇ ವಿಧಿಯಲ್ಲಿ ಧರ್ಮ, ಮೂಲವಂಶ (ಅಂದರೆ ರೇಸ್), ಜಾತಿ, ಲಿಂಗ, ಜನ್ಮಸ್ಥಳ ಎಂದು ಎರಡೂ ಬೇರೆಬೇರೆಯಾಗಿ ಬರುತ್ತವೆ. ಆ ಸಾಲನ್ನೇ ಬೋರ್ಡಿನ ಮೇಲೆ ಬರೆದು ಆರಂಭಿಸುವುದು ಒಳ್ಳೆಯದು.

ದೇಶಗಳ ಕಾರ್ಡು ಪೆಟ್ಟಿಗೆಯ ಒಳ್ಳೆಯ ಭಾಗ. ಅಕ್ಷರ ದಪ್ಪ, ಹಿಂದಿನ ಬೆಂಚಿಗೂ ಕಾಣುತ್ತದೆ. ರಾಜಪ್ರಭುತ್ವ, ಪ್ರಜಾಪ್ರಭುತ್ವ, ಸರ್ವಾಧಿಕಾರ ಎಂಬ ಮೂರು ಗುಡ್ಡೆ ಮಾಡಿ ಎನ್ನುತ್ತದೆ ಕೈಪಿಡಿ. ರಾಜಮನೆತನವೂ ಚುನಾವಣೆಯೂ ಇರುವ ಬ್ರಿಟನ್, ಜಪಾನ್, ಭೂತಾನ್ ಬಂದ ಕೂಡಲೇ ಆಟ ನಿಂತುಬಿಡುತ್ತದೆ. ಗುಡ್ಡೆಯ ಬದಲು ಪ್ರತಿ ಕಾರ್ಡಿಗೂ ಮೂರು ಪ್ರಶ್ನೆ ಕೇಳಿಸಿ: ಕಾನೂನು ಮಾಡುವವರು ಯಾರು, ಅವರನ್ನು ಇಳಿಸುವುದು ಹೇಗೆ, ಮತ ಯಾರಿಗಿಲ್ಲ. ಮೂರನೆಯ ಪ್ರಶ್ನೆಯೇ ಮುಖ್ಯ. ದಕ್ಷಿಣ ಆಫ್ರಿಕದ ಒಂದೇ ಕಾರ್ಡನ್ನು ತೆಗೆದು 1948 ಮತ್ತು (ಎಲ್ಲರಿಗೂ ಮತ ಬಂದ) 1994 ಎಂದು ಎರಡು ಮಾಡಿಕೊಳ್ಳಿ. 1948ರಲ್ಲೂ ಅಲ್ಲಿ ಸಂಸತ್ತಿತ್ತು, ಚುನಾವಣೆಯಿತ್ತು, ವಿರೋಧ ಪಕ್ಷವಿತ್ತು. ಬಹುಸಂಖ್ಯಾತ ಕಪ್ಪು ಜನರಿಗೆ ಮಾತ್ರ ಅದರಲ್ಲಿ ಹೆಚ್ಚುಕಡಿಮೆ ಪಾಲೇ ಇರಲಿಲ್ಲ. ಆ ಸಂಸತ್ತೇ 1950ರಲ್ಲಿ ಜನಸಂಖ್ಯಾ ನೋಂದಣಿ ಕಾಯ್ದೆ ತಂದು ಪ್ರತಿಯೊಬ್ಬರಿಗೂ ಜನಾಂಗದ ಚೀಟಿ ಅಂಟಿಸಿತು. ಅನುಮಾನ ಬಂದರೆ ಅಧಿಕಾರಿಗಳು ಕೂದಲಲ್ಲಿ ಪೆನ್ಸಿಲ್ ಸಿಕ್ಕಿಸಿ, ಅದು ಬೀಳುತ್ತದೋ ಇಲ್ಲವೋ ಎಂದು ನೋಡಿದ್ದೂ ಉಂಟು. ಇದನ್ನು ಹೇಳಿ, ತರಗತಿಯಲ್ಲಿ ಮಾಡಿಸಬೇಡಿ.

ಮತದಾನದ ಆಟಕ್ಕೆ ‘ಮಕ್ಕಳನ್ನು ಮೈಬಣ್ಣದಂತೆ ವಿಂಗಡಿಸಿ’ ಎಂಬ ಸೂಚನೆ ಕೊಟ್ಟಿದ್ದಾರೆ. ಆ ಪುಟವನ್ನು ಹೊಡೆದುಹಾಕಿ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಗಳ ತರಗತಿಯಲ್ಲಿ ಆಫ್ರಿಕ ಮೂಲದ ಸಿದ್ದಿ ಸಮುದಾಯದ ಮಕ್ಕಳು ಕುಳಿತಿರುತ್ತಾರೆ. ಅಲ್ಲಿ ಇದು ಆಟವಾಗುವುದಿಲ್ಲ, ಎಲ್ಲರೆದುರು ಮಾಡುವ ಅವಮಾನವಾಗುತ್ತದೆ. ಚೀಟಿ ಎತ್ತಿಸಿ. 40 ಮಕ್ಕಳಿದ್ದರೆ 8 ನೀಲಿ, 32 ಬಿಳಿ. ಮೊದಲ ಸುತ್ತಿನಲ್ಲಿ ನೀಲಿಯವರಿಗಷ್ಟೇ ಮತ. ಪ್ರಶ್ನೆ, ಆಟದ ಮೈದಾನ ನೀಲಿಯವರಿಗೆ ಮಾತ್ರವೋ ಎಲ್ಲರಿಗೂ ಸರದಿಯೋ. ಎರಡನೇ ಸುತ್ತಿನಲ್ಲಿ ಎಲ್ಲರಿಗೂ ಮತ, ಆದರೆ ಈ ಸಲ ನೀಲಿಯವರನ್ನು ಮೈದಾನದಿಂದ ಹೊರಗಿಡಬೇಕೆ ಎಂಬ ಪ್ರಶ್ನೆ. ಮೂರನೇ ಸುತ್ತಿಗೆ ಮೊದಲೇ ಬೋರ್ಡಿನಲ್ಲಿ ಬರೆಯಿರಿ: ‘ಚೀಟಿಯ ಬಣ್ಣ ನೋಡಿ ನಿಯಮ ಮಾಡುವಂತಿಲ್ಲ.’ ಈಗ 32 ಮತ ಒಂದಾದರೂ 8 ಜನರನ್ನು ಹೊರಗಿಡಲಾಗದು. ಬಹುಮತಕ್ಕೂ ಸಂವಿಧಾನಕ್ಕೂ ಇರುವ ವ್ಯತ್ಯಾಸ ಇಷ್ಟು ಸಲೀಸಾಗಿ ತಿಳಿಸುವ ಬೇರೆ ದಾರಿ ಕಡಿಮೆ.

ಮೊದಲ ಸುತ್ತಿನಲ್ಲೇ ನೀಲಿ ಮಕ್ಕಳು ‘ಎಲ್ಲರಿಗೂ’ ಎಂದು ಮತ ಹಾಕಿಬಿಟ್ಟರೆ ಆಟ ಕೆಟ್ಟಿತೆಂದು ತಿಳಿಯಬೇಕಿಲ್ಲ. ನಾಳೆ ಅವರು ಮನಸ್ಸು ಬದಲಿಸಿದರೆ ತಡೆಯುವವರು ಯಾರು ಎಂದು ಕೇಳಿ. ಇನ್ನೊಂದು ಎಚ್ಚರ: ಕೈಪಿಡಿ ಒಂದು ಪೀರಿಯಡ್ ಸಾಕು ಎನ್ನುತ್ತದೆ, 40 ನಿಮಿಷದಲ್ಲಿ ಮೂರು ಸುತ್ತು ಮುಗಿಯುವುದಿಲ್ಲ. ಮೊದಲ ಸುತ್ತಿಗೇ ಗಂಟೆ ಹೊಡೆದರೆ ಹೊರಗುಳಿದ ಮಕ್ಕಳು ಅದೇ ಬೇಸರ ಹೊತ್ತು ಮನೆಗೆ ಹೋಗುತ್ತಾರೆ. ಬೆನ್ನುಬೆನ್ನಿಗೆ ಎರಡು ಪೀರಿಯಡ್ ತೆಗೆದುಕೊಳ್ಳಿ. ಮತಚೀಟಿಯ ಕಾಗದ ತೆಳು, ಹಿಂದಿನಿಂದ ಮಸಿ ಕಾಣುತ್ತದೆ. ಎರಡು ಮಡಿಕೆ ಮಾಡಿಸಿ.

ಸಿದ್ದಿಯರ ಚಿತ್ರವನ್ನು ಚಾರ್ಟಿನ ಮೂಲೆಯಲ್ಲಿ ‘ನಮ್ಮ ಜಿಲ್ಲೆಯ ಆಫ್ರಿಕನ್ನರು’ ಎಂದು ಕೊಟ್ಟಿರುವುದು ನೋವಿನ ಸಂಗತಿ. ಅವರ ಹಿರಿಯರಲ್ಲಿ ಅನೇಕರನ್ನು ಪೋರ್ಚುಗೀಸರು ಗುಲಾಮರನ್ನಾಗಿ ಗೋವೆಗೆ ತಂದಿದ್ದರು ಎಂಬುದು ಇತಿಹಾಸ. ಇವತ್ತು ಅವರಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಎಲ್ಲ ಇದ್ದಾರೆ. ಕನ್ನಡ, ಕೊಂಕಣಿ, ಮರಾಠಿ ಮಾತಾಡುತ್ತಾರೆ. 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಇದನ್ನು ಸರ್ಕಾರದ ಕಾರ್ಡಿಗೆ ಸೇರಿಸಿದರೆ 75 ಸದಸ್ಯರ ಪರಿಷತ್ತಿನಲ್ಲಿ 11 ಮಂದಿಯನ್ನು ರಾಜ್ಯಪಾಲರು ನಾಮಕರಣ ಮಾಡುತ್ತಾರೆ ಎಂಬ ಪಾಠವೂ ಜೊತೆಗೇ ಆಗುತ್ತದೆ.

ಕಾರವಾರದ ಕಡೆಯವರಿಗೆ ಇನ್ನೊಂದು ಕಾರ್ಡು ಮಾಡಿಕೊಳ್ಳಲು ಹೇಳುತ್ತೇವೆ: ಮಾಜಾಳಿ ಗಡಿ, 1952. ಈಚೆ 21 ತುಂಬಿದವರಿಗೆಲ್ಲ ಮತ, ಆಚೆ ಗೋವೆಯಲ್ಲಿ ಸರ್ವಾಧಿಕಾರಿ ಸಾಲಜಾರನ ಪೋರ್ಚುಗಲ್ಲಿನ ಆಳ್ವಿಕೆ, ಅದು 1961ರ ಡಿಸೆಂಬರಿನವರೆಗೆ. ಎರಡೂ ಕಡೆ ಅದೇ ಕೊಂಕಣಿ, ಅದೇ ಮೀನು ಪೇಟೆ.

ಕರಾವಳಿಯ ಮಳೆಗಾಲಕ್ಕೆ ಈ ಪೆಟ್ಟಿಗೆ ತಾಳುವುದಿಲ್ಲ. ಜೂನ್ ಬಂದರೆ ರಟ್ಟು ಮೆತ್ತಗಾಗಿ ಬೂಸ್ಟು ಹಿಡಿಯುತ್ತದೆ, ಲ್ಯಾಮಿನೇಷನ್ನಿನ ಅಂಚು ಬಿಡುತ್ತದೆ. ಕಾರ್ಡುಗಳನ್ನು ಮುಚ್ಚಳ ಬಿಗಿಯಿರುವ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಅಂಚಿಗೆ ಸೆಲ್ಲೋಟೇಪ್ ಸುತ್ತಿ, ನೆಲದಿಂದ ಮೇಲೆ ಕಪಾಟಿನಲ್ಲಿಡಿ. ಮತಪೆಟ್ಟಿಗೆಗೆ ಬಿಸ್ಕತ್ತಿನ ತಗಡಿನ ಡಬ್ಬಿಯೇ ಗಟ್ಟಿ. ಮುಚ್ಚಳದಲ್ಲಿ ಬೆರಳುದ್ದ ಸೀಳು ಮಾಡಿ, ಅಂಚು ಕೈ ಕುಯ್ಯದಂತೆ ಒಳಕ್ಕೆ ಮಡಚಿ.