ರೆಸ್‌ಮೆಡ್ ಏರ್‌ಫಿಟ್ ಎಫ್20 ಮಾಸ್ಕ್: ಬಿಚ್ಚಿ, ತೊಳೆದು, ಜೋಡಿಸುವವರ ವಿಮರ್ಶೆ

ಸ್ಲೀಪ್ ಅಪ್ನಿಯಾ, ಅಂದರೆ ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವ ತೊಂದರೆ ಇದೆ, ಮಾಸ್ಕ್ ಮೂಲಕ ಒತ್ತಡದ ಗಾಳಿ ಕೊಡುವ ಸಿಪ್ಯಾಪ್ ಮೆಷಿನ್ ಹಾಕಿಕೊಳ್ಳಿ ಅಂತ ಡಾಕ್ಟರ್ ಬರೆದುಕೊಟ್ಟ ಮೇಲೆ ಎಲ್ಲರೂ ಮೆಷಿನ್ ಬಗ್ಗೆನೇ ತಲೆ ಕೆಡಿಸಿಕೊಳ್ಳುತ್ತಾರೆ. ಮೆಷಿನ್ ಮೂಲೆಯಲ್ಲಿ ಸುಮ್ನೆ ಕೂತಿರುತ್ತದೆ. ದಿನಾ ಕೈಗೆ, ಮೂತಿಗೆ ತಾಗುವುದು ಮಾಸ್ಕ್. ಅದನ್ನು ದಿನಾ ತೊಳೆಯಬೇಕು, ವಾರಕ್ಕೊಮ್ಮೆ ಪೂರ್ತಿ ಬಿಚ್ಚಬೇಕು, ಬಿಚ್ಚಿದ್ದನ್ನು ರಾತ್ರಿ ಕಣ್ಣು ಎಳೆಯುತ್ತಿರುವಾಗ ಮತ್ತೆ ಜೋಡಿಸಬೇಕು. ಅಂಗಡಿಯಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ನನ್ನ ಮೊದಲ ಮಾಸ್ಕ್ ಬೇರೆ ಕಂಪನಿಯದು, ಹೆಸರು ಬೇಡ. ಮಾರಿದವರು ಹಾಕುವುದು ತೆಗೆಯುವುದು ತೋರಿಸಿದರೇ ಹೊರತು ಒಂದು ಸಲವೂ ಬಿಚ್ಚಿ ತೋರಿಸಲಿಲ್ಲ. ಅದರ ಸಿಲಿಕೋನ್ ಅಂಚನ್ನು ಫ್ರೇಮಿನ ಸಂದಿಗೆ ಸುತ್ತಲೂ ಉಗುರಿನಿಂದ ಒತ್ತಿ ಒತ್ತಿ ಕೂರಿಸಬೇಕಿತ್ತು. ಒಂದು ಕಡೆ ಕೂರಿಸಿದರೆ ಇನ್ನೊಂದು ಕಡೆ ಏಳುತ್ತಿತ್ತು.

ಈಗ ಬಳಸುತ್ತಿರುವುದು ರೆಸ್‌ಮೆಡ್‌ನ ಏರ್‌ಫಿಟ್ ಎಫ್20. ಮೂಗು ಬಾಯಿ ಎರಡನ್ನೂ ಮುಚ್ಚುವ ಫುಲ್ ಫೇಸ್ ಮಾಸ್ಕ್. 2016ರಿಂದ ಇರುವ ಮಾಡೆಲ್, ಹೊಸದೇನಲ್ಲ. ಬಾಯಿ ತೆರೆದು ಮಲಗುವವರಿಗೆ ಈ ಜಾತಿಯ ಮಾಸ್ಕೇ ಬೇಕು, ಹಾಗಾಗಿ ನನಗೆ ಬೇರೆ ಆಯ್ಕೆ ಜಾಸ್ತಿ ಇರಲಿಲ್ಲ. ತೀರ್ಥಹಳ್ಳಿಯಲ್ಲಿರುವ ಅಪ್ಪನಿಗೂ ಇದನ್ನೇ ಕೊಡಿಸಿದ್ದೇನೆ. ಆದ್ದರಿಂದ ಬೆಂಗಳೂರಿನ ಬೋರ್ ನೀರು, ಮಲೆನಾಡಿನ ಮಳೆಗಾಲ ಎರಡರ ಅನುಭವವೂ ಇಲ್ಲಿದೆ.

ಭಾಗಗಳು ನಾಲ್ಕೇ. ಮುಖಕ್ಕೆ ತಾಗುವ ಸಿಲಿಕೋನ್ ಕುಶನ್, ಅದನ್ನು ಹಿಡಿದುಕೊಳ್ಳುವ ಫ್ರೇಮ್, ಪೈಪ್ ಸೇರುವ ಎಲ್ಬೋ, ತಲೆಗೆ ಸುತ್ತುವ ಹೆಡ್‌ಗೇರ್. ಎಲ್ಬೋದ ಎರಡು ಪಕ್ಕದ ಬಟನ್ ಹಿಂಡಿದರೆ ಅದು ಕೈಗೆ ಬರುತ್ತದೆ. ರಾತ್ರಿ ಬಾತ್‌ರೂಮಿಗೆ ಏಳುವಾಗಲೂ ಇಷ್ಟೇ ಸಾಕು, ಮಾಸ್ಕ್ ತೆಗೆಯುವುದೇ ಬೇಡ. ಕೆಳಗಿನ ಪಟ್ಟಿಗಳಿಗೆ ಮ್ಯಾಗ್ನೆಟ್ ಕ್ಲಿಪ್ ಇದೆ, ಎಳೆದರೆ ಬಿಡುತ್ತದೆ, ಹತ್ತಿರ ಹಿಡಿದರೆ ತಾನೇ ಅಂಟಿಕೊಳ್ಳುತ್ತದೆ. ಮೇಲಿನ ಪಟ್ಟಿಗಳು ವೆಲ್ಕ್ರೋ. ಕುಶನ್ ಹಿಡಿದು ಫ್ರೇಮಿನಿಂದ ಎಳೆದರೆ ಕಳಚುತ್ತದೆ. ಅಷ್ಟೇ. ಅಪ್ಪನ ಬೆರಳಿನ ಗಂಟುಗಳು ಊದಿಕೊಂಡಿವೆ, ಅಂಗಿಯ ಗುಂಡಿ ಹಾಕಿಕೊಳ್ಳುವುದೇ ಕಷ್ಟ. ಅವರೇ ಇದನ್ನು ಒಬ್ಬರೇ ಬಿಚ್ಚುತ್ತಾರೆ. ನನಗೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕಿಲ್ಲ.

"ಏನೋ ಇದು, ದಿನಾ ಸ್ನಾನ ಮಾಡಿಸಬೇಕಾ ಇದಕ್ಕೆ?" ಅಂತ ಅಪ್ಪ ಕೇಳಿದ್ದರು. ಹೌದು, ಕುಶನ್ನಿಗಾದರೂ ಮಾಡಿಸಬೇಕು. ರಾತ್ರಿಯೆಲ್ಲ ಮುಖದ ಎಣ್ಣೆ, ಬೆವರು, ಉಸಿರಿನ ಪಸೆ ಸಿಲಿಕೋನಿಗೆ ಹತ್ತುತ್ತದೆ. ಎಣ್ಣೆ ಹತ್ತಿದ ಅಂಚು ಜಾರುತ್ತದೆ, ಜಾರಿದರೆ ಗಾಳಿ ಸೋರುತ್ತದೆ, ಸೋರಿದರೆ ನಾವು ಮಾಡುವುದು ಪಟ್ಟಿ ಬಿಗಿ ಮಾಡುವುದು. ಬೆಳಗ್ಗೆ ಮೂಗಿನ ಮೇಲೆ ಕೆಂಪು ಗೆರೆ. ಎಷ್ಟೋ ಜನ ಸೈಜ್ ಸರಿಯಿಲ್ಲ ಅಂತ ಅಂದುಕೊಳ್ಳುತ್ತಾರೆ, ನಿಜವಾಗಿ ಅಲ್ಲಿರುವುದು ತೊಳೆಯದ ಕುಶನ್. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ ಮಲಗುವ ಅಭ್ಯಾಸ ಇದ್ದರಂತೂ ಹೆಡ್‌ಗೇರ್ ಕಥೆ ಕೇಳುವುದೇ ಬೇಡ.

ತೊಳೆಯುವ ಕ್ರಮ ಸರಳ. ಉಗುರುಬೆಚ್ಚಗಿನ ನೀರು, ನಾಲ್ಕು ಹನಿ ಸೌಮ್ಯವಾದ ಲಿಕ್ವಿಡ್ ಸೋಪು, ಹತ್ತು ನಿಮಿಷ ನೆನೆಸಿ, ಅಲ್ಲಾಡಿಸಿ, ಮೆತ್ತನೆಯ ಬ್ರಷ್ ಆಡಿಸಿ, ಚೆನ್ನಾಗಿ ಜಾಲಿಸಿ. ಮಕ್ಕಳ ಹಲ್ಲುಜ್ಜುವ ಬ್ರಷ್ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಕ್ರಿಮಿ ಸಾಯಲಿ ಅಂತ ಡೆಟಾಲ್ ತರದ್ದು, ಬ್ಲೀಚು, ಸ್ಯಾನಿಟೈಸರ್ ಹಾಕುವ ಆಸೆ ನಮ್ಮವರಿಗೆ ಜಾಸ್ತಿ. ಬೇಡ. ಕಂಪನಿಯ ಕೈಪಿಡಿಯಲ್ಲೇ ಬ್ಲೀಚ್, ಆಲ್ಕೋಹಾಲ್, ಆ್ಯಂಟಿಬ್ಯಾಕ್ಟೀರಿಯಲ್ ಸೋಪು, ವಾಸನೆಯ ಎಣ್ಣೆ ಯಾವುದೂ ಬೇಡ ಅಂತಿದೆ. ಸಿಲಿಕೋನ್ ಹಾಳಾಗುವುದು ಒಂದು, ಉಳಿದ ವಾಸನೆಯನ್ನು ರಾತ್ರಿಯೆಲ್ಲ ಒತ್ತಡದ ಗಾಳಿಯ ಜೊತೆ ಎಳೆದುಕೊಳ್ಳುವುದು ಇನ್ನೊಂದು.

ಜಾಸ್ತಿ ಗಮನ ಬೇಕಾಗಿರುವುದು ಎಲ್ಬೋಗೆ. ಅಲ್ಲಿ ಎರಡು ಕೆಲಸ ನಡೆಯುತ್ತವೆ. ಸಣ್ಣ ಸಣ್ಣ ತೂತುಗಳಿವೆ, ನಾವು ಬಿಟ್ಟ ಉಸಿರು ಹೊರಗೆ ಹೋಗುವುದು ಅಲ್ಲಿಂದ. ಅವು ಕಟ್ಟಿಕೊಂಡರೆ ಬಿಟ್ಟ ಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತೇವೆ. ನಮ್ಮ ಬೋರ್ ನೀರಿನಲ್ಲಿ ತೊಳೆದು ಹಾಗೇ ಒಣಗಿಸಿದರೆ ಬಿಳಿ ಪುಡಿ ಕೂರುವುದು ಅಲ್ಲೇ, ಹಾಗಾಗಿ ಕೊನೆಯ ಸಲ ಜಾಲಿಸಲು ಕುಡಿಯುವ ಫಿಲ್ಟರ್ ನೀರು ಬಳಸುತ್ತೇನೆ. ಇನ್ನೊಂದು ಒಳಗಿರುವ ವಾಲ್ವ್, ಒಂದು ತೆಳು ಸಿಲಿಕೋನ್ ರೆಕ್ಕೆ. ಮೆಷಿನ್ ಓಡುವಾಗ ಗಾಳಿಯ ಒತ್ತಡಕ್ಕೆ ಅದು ಮುಚ್ಚಿಕೊಳ್ಳುತ್ತದೆ, ಕರೆಂಟ್ ಹೋಗಿ ಮೆಷಿನ್ ನಿಂತರೆ ತೆರೆದುಕೊಂಡು ಕೋಣೆಯ ಗಾಳಿ ಒಳಗೆ ಬಿಡುತ್ತದೆ. ಜುಲೈ ತಿಂಗಳ ತೀರ್ಥಹಳ್ಳಿಯಲ್ಲಿ ಮರ ಬಿದ್ದು ಕರೆಂಟ್ ಹೋದರೆ ಯಾವಾಗ ಬರುತ್ತದೆ ಅಂತ ಯಾರಿಗೆ ಗೊತ್ತು? ಆ ರೆಕ್ಕೆ ಹರಿದಿದೆಯಾ, ಮಡಚಿಕೊಂಡಿದೆಯಾ, ಕೊಳೆ ಹತ್ತಿ ಅಂಟಿಕೊಂಡಿದೆಯಾ ಅಂತ ತೊಳೆದಾಗೆಲ್ಲ ನೋಡಲೇಬೇಕು. ಹಾಳಾಗಿದ್ದರೆ ಆ ಮಾಸ್ಕ್ ಹಾಕಬೇಡಿ, ಎಲ್ಬೋ ಬದಲಾಯಿಸಿ.

ಒಣಗಿಸುವುದೇ ಮಳೆಗಾಲದಲ್ಲಿ ತಲೆನೋವು. ಬಿಸಿಲಿಗೆ ಹಾಕುವ ಹಾಗಿಲ್ಲ, ನೆರಳಲ್ಲಿ ಒಣಗಬೇಕು. ಪ್ಲಾಸ್ಟಿಕ್, ಸಿಲಿಕೋನ್ ಭಾಗಗಳು ಒಣ ಬಟ್ಟೆಯ ಮೇಲೆ ಬೇಗ ಒಣಗುತ್ತವೆ. ಹೆಡ್‌ಗೇರ್ ಬಟ್ಟೆ, ಅದು ಒಣಗುವುದಿಲ್ಲ. ಊರಲ್ಲಿ ಒಣಗದ ಬಟ್ಟೆಗೆಲ್ಲ ಒಂದೇ ಜಾಗ, ಬಚ್ಚಲ ಒಲೆಯ ಮೇಲಿನ ಹಗ್ಗ. ಅಮ್ಮ ಅಲ್ಲಿಗೇ ಹೊರಟಿದ್ದರು, ತಡೆದೆವು. ಹೊಗೆ ಹಿಡಿದ ಪಟ್ಟಿಯನ್ನು ಕೆನ್ನೆಗೆ ಕಟ್ಟಿಕೊಂಡು ಎಂಟು ಗಂಟೆ ಮಲಗುವುದಾ? ಒಣ ಟವಲಿನಲ್ಲಿ ಸುತ್ತಿ ಹಿಂಡಿ ಫ್ಯಾನ್ ಕೆಳಗೆ ಹಾಕುವುದು ಒಂದು ದಾರಿ, ಇನ್ನೊಂದು ಹೆಡ್‌ಗೇರ್ ಕೊಂಡಿಟ್ಟುಕೊಳ್ಳುವುದು ಅದಕ್ಕಿಂತ ಒಳ್ಳೆಯದು. ಅಪ್ಪನಿಗೆ ಎರಡನೆಯದನ್ನೇ ಮಾಡಿದ್ದೇವೆ.

ಜೋಡಿಸುವಾಗ ಹೆಡ್‌ಗೇರ್ ಗೊಂದಲ ಮಾಡುತ್ತದೆ. ತೊಳೆದು ತಂದರೆ ಯಾವುದು ಮೇಲೆ, ಯಾವುದು ಕೆಳಗೆ, ಒಳಗು ಯಾವುದು ಹೊರಗು ಯಾವುದು ಗೊತ್ತಾಗುವುದಿಲ್ಲ. ಉಪಾಯ ಇದೆ, ಕೆಳಗಿನ ಪಟ್ಟಿಯ ವೆಲ್ಕ್ರೋ ಬಿಚ್ಚಲೇಬೇಡಿ. ಮ್ಯಾಗ್ನೆಟ್ ಕ್ಲಿಪ್ ಪಟ್ಟಿಯಲ್ಲೇ ಇರಲಿ, ಹಾಗೇ ತೊಳೆಯಿರಿ. ಕ್ಲಿಪ್ ಇರುವುದು ಕೆಳಗಿನದು ಅಂತ ತಕ್ಷಣ ಗೊತ್ತಾಗುತ್ತದೆ, ಅಳತೆಯೂ ಕದಲುವುದಿಲ್ಲ. ಆಮೇಲೆ ಕುಶನ್ನಿನ ದುಂಡನೆ ಬಾಯಿಯನ್ನು ಫ್ರೇಮಿನ ದುಂಡನೆ ಬಾಯಿಗೆ ಸರಿಯಾಗಿ ಹಿಡಿದು ಒತ್ತಬೇಕು, ಕೂತಿದ್ದು ಕೈಗೇ ತಿಳಿಯುತ್ತದೆ. ಹೆಡ್‌ಗೇರಿನ ಲೋಗೋ ಹೊರಮುಖವಾಗಿ, ತಲೆಕೆಳಗಾಗದ ಹಾಗೆ ಹಿಡಿದು ಮೇಲಿನ ಪಟ್ಟಿಗಳನ್ನು ಫ್ರೇಮಿನ ಸಂದಿಗೆ ಒಳಗಿನಿಂದ ತೂರಿಸಿ ಮಡಚಿ. ಕೊನೆಗೆ ಎಲ್ಬೋ ಒತ್ತಿ, ಎರಡೂ ಕಡೆ ಕಟಕ್ ಅನ್ನಬೇಕು. ಒಂದು ಕಡೆ ಮಾತ್ರ ಕೂತಿದ್ದರೆ ಗಾಳಿ ಅಲ್ಲಿಂದ ಸೋರುತ್ತದೆ, ನೀವು ಕುಶನ್ನನ್ನು ಬೈದುಕೊಂಡು ಪಟ್ಟಿ ಎಳೆಯುತ್ತಿರುತ್ತೀರಿ.

ಮಾಸ್ಕನ್ನು ಹೀಗೆ ಸುಲಭವಾಗಿ ಬಿಚ್ಚಲು ಆಗುವುದೇ ಒಂದು ಸುಖ. ಸಿಡ್ನಿಯ ಡಾಕ್ಟರ್ ಕಾಲಿನ್ ಸುಲಿವಾನ್ ಮತ್ತು ಅವರ ಜೊತೆಗಾರರು 1981ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಈ ಚಿಕಿತ್ಸೆಯ ಬಗ್ಗೆ ಬರೆದ ಕಾಲಕ್ಕೆ ಮಾಸ್ಕನ್ನು ರಾತ್ರಿ ಸಿಲಿಕೋನ್ ಅಂಟಿನಿಂದ ಮುಖಕ್ಕೆ ಅಂಟಿಸಬೇಕಿತ್ತು. ಬೆಳಗ್ಗೆ ಕಿತ್ತುಕೊಳ್ಳಬೇಕು. ರೆಸ್‌ಮೆಡ್ 1989ರಲ್ಲಿ ಹುಟ್ಟಿದ್ದು ಆ ಕೆಲಸದ ಬೆನ್ನಿಗೇ.

ಓಝೋನ್ ಅನಿಲ ಹಾಯಿಸಿ ತಾನೇ ಕ್ಲೀನ್ ಮಾಡುವ ಪೆಟ್ಟಿಗೆಗಳೂ ಬರುತ್ತವೆ. ನನಗೂ ಒಬ್ಬರು ಮಾರಲು ನೋಡಿದ್ದರು, ಮಾಸ್ಕಿನ ಜೊತೆ ಇದು ಬೇಕೇ ಬೇಕು ಸರ್ ಅಂತ. ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರ ಫೆಬ್ರವರಿಯಲ್ಲೇ ಇವುಗಳ ಬಗ್ಗೆ ಎಚ್ಚರಿಸಿತ್ತು. ಕೆಮ್ಮು, ತಲೆನೋವು, ಆಸ್ತಮಾ ಕೆರಳಿದ ದೂರುಗಳು ಬಂದಿದ್ದವು. ಸೋಪು ನೀರಿಗೆ ಆಗುವ ಕೆಲಸಕ್ಕೆ ಅಷ್ಟು ದುಡ್ಡು ಯಾಕೆ ಸುರಿಯಬೇಕು?

ಇನ್ನು ಯಾರಿಗೆ ಬೇಡ ಅನ್ನುವುದು. ಎದೆಯಲ್ಲಿ ಹೃದಯದ ಬಡಿತ ಸರಿಪಡಿಸುವ ಪೇಸ್‌ಮೇಕರ್ ಅಥವಾ ಡಿಫಿಬ್ರಿಲೇಟರ್ ಇರುವವರು, ಕಿವಿ ಕೇಳಿಸಲು ಒಳಗೆ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್ ಇರುವವರು, ಮೆದುಳಿನ ರಕ್ತನಾಳಕ್ಕೆ ಲೋಹದ ಕ್ಲಿಪ್ ಹಾಕಿಸಿಕೊಂಡವರು ಈ ಮ್ಯಾಗ್ನೆಟ್ ಮಾಸ್ಕ್ ತಗೊಳ್ಳಬೇಡಿ. ಪಕ್ಕದಲ್ಲಿ ಮಲಗುವವರಿಗೆ ಅಂಥದ್ದೇನಾದರೂ ಇದ್ದರೂ ಬೇಡ. ಮ್ಯಾಗ್ನೆಟ್ ಅಂಥ ಸಾಧನದಿಂದ ಆರು ಇಂಚಾದರೂ ದೂರ ಇರಬೇಕು ಅಂತ ರೆಸ್‌ಮೆಡ್ 2023ರ ನವೆಂಬರ್‌ನಲ್ಲಿ ತಾನೇ ಎಚ್ಚರಿಕೆ ಕೊಟ್ಟಿದೆ. ಸಂಶಯ ಇದ್ದರೆ ಹೃದಯದ ಡಾಕ್ಟರನ್ನು ಕೇಳಿ, ಅಂಗಡಿಯವರನ್ನಲ್ಲ. ಮ್ಯಾಗ್ನೆಟ್ ಇಲ್ಲದ ಮಾಸ್ಕ್‌ಗಳು ಬೇಕಾದಷ್ಟಿವೆ.

ಖರ್ಚಿನ ಮಾತು. ಅಮೆರಿಕದಲ್ಲಿ ಮೆಡಿಕೇರ್ ಅನ್ನುವ ಸರ್ಕಾರಿ ಆರೋಗ್ಯ ವಿಮೆ ಈ ಬಗೆಯ ಮಾಸ್ಕಿಗೆ ತಿಂಗಳಿಗೊಂದು ಕುಶನ್, ಆರು ತಿಂಗಳಿಗೊಂದು ಹೆಡ್‌ಗೇರ್ ತನಕ ಒಪ್ಪುತ್ತದೆ. ನಾನಂತೂ ಎಲ್ಲ ಜೇಬಿನಿಂದಲೇ ಕೊಡುತ್ತಿದ್ದೇನೆ, ಹಾಗಾಗಿ ಎಳೆದಷ್ಟು ದಿನ ಎಳೆಯುತ್ತೇನೆ. ತೊಳೆದ ಮೇಲೂ ಜಿಗುಟು ಹೋಗದಿದ್ದರೆ, ಅಂಚು ಸುಕ್ಕಾಗಿ ನಿಂತರೆ, ಸಣ್ಣ ಸೀಳು ಕಂಡರೆ ಮಾತ್ರ ಕುಶನ್ ಬದಲಿ. ಪೂರ್ತಿ ಮಾಸ್ಕ್ ಕೊಳ್ಳಬೇಕಿಲ್ಲ, ಬರೀ ಕುಶನ್ ಸಿಗುತ್ತದೆ. ಫ್ರೇಮ್ ಒಂದೇ ಅಳತೆ, ಕುಶನ್ನಿನಲ್ಲಿ ಮಾತ್ರ ಸ್ಮಾಲ್, ಮೀಡಿಯಂ, ಲಾರ್ಜ್. ಆರ್ಡರ್ ಮಾಡುವಾಗ ಹೆಸರು ಸರಿಯಾಗಿ ಓದಿ, ಏರ್‌ಟಚ್ ಎಫ್20 ಅಂತ ಇನ್ನೊಂದಿದೆ. ಅದರ ಕುಶನ್ ಇದೇ ಫ್ರೇಮಿಗೆ ಕೂರುತ್ತದೆ, ಮುಖಕ್ಕೆ ಮೆತ್ತಗೂ ಇರುತ್ತದೆ, ಆದರೆ ಅದು ಫೋಮ್. ನೀರಲ್ಲಿ ನೆನೆಸುವ ಹಾಗಿಲ್ಲ, ಒರೆಸಬೇಕಷ್ಟೇ, ಬೇಗ ಬದಲಾಯಿಸಲೂ ಬೇಕು. ನಮ್ಮ ಸೆಖೆ, ಬೆವರಿಗೆ ನಾನು ಸಿಲಿಕೋನೇ ತಗೊಳ್ಳುವುದು.