ಮನೆ ಬುಡಕ್ಕೆ ಬೋಲ್ಟ್ ಹಾಕ್ಸಿದ್ವಿ: ಸ್ಯಾನ್ ಲಿಯಾಂಡ್ರೋದಲ್ಲಿ ಅರ್ಥ್‌ಕ್ವೇಕ್ ರೆಟ್ರೋಫಿಟ್ (ಭೂಕಂಪ ತಡೆಯೋ ಹಾಗೆ ಹಳೇ ಮನೆ ಗಟ್ಟಿ ಮಾಡ್ಸೋದು), 5ಕ್ಕೆ 4 ಸ್ಟಾರ್

ಕಾಂಟ್ರಾಕ್ಟರ್ ಹೆಸ್ರು ಹಾಕ್ತಿಲ್ಲ, ಒಂದು ಸ್ಟಾರ್ ಕಟ್ ಮಾಡಿದೀನಿ ಅಂತ ಜಗಳ ಬೇಡ. ಆದ್ರೆ ಇಲ್ಲಿ ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಹಳೇ ಮನೆ ತಗೊಂಡಿರೋ ನಮ್ಮವ್ರು ತುಂಬ ಜನ ಇದನ್ನ ಕೇಳ್ತಿರ್ತಾರೆ, ಅದಕ್ಕೆ ಒಂದ್ಸಲ ಎಲ್ಲಾ ಬರ್ದುಬಿಡ್ತೀನಿ.

ನಮ್ಮದು 1948ರ ಮನೆ. ಹೇವರ್ಡ್ ಫಾಲ್ಟ್ ಅಂತ ಭೂಕಂಪ ಹುಟ್ಟೋ ನೆಲದ ಬಿರುಕು ನಮ್ಮೂರಿನ ಪೂರ್ವದ ಕಡೆ ಬೆಟ್ಟದ ಬುಡದಲ್ಲೇ ಹೋಗುತ್ತೆ, 1868ರಲ್ಲಿ ಅದು ದೊಡ್ಡದಾಗಿ ಅಲ್ಲಾಡಿದ್ದು, ಆಮೇಲೆ ಆ ಮಟ್ಟಕ್ಕೆ ಆಗಿಲ್ಲ, ಇನ್ನೊಂದು ಬಂದೇ ಬರುತ್ತೆ ಅಂತ ಎಲ್ರೂ ಹೇಳ್ತಾರೆ. ಮನೆ ತಗೊಳ್ಳೋವಾಗ ಇದೆಲ್ಲಾ ಪೇಪರಲ್ಲಿ ಬರ್ದಿತ್ತು, ಸೈನ್ ಹಾಕಿದ್ವಿ, ಓದಿದ್ದು ಯಾರು!

ಕಣ್ಣು ತೆರೆಸಿದ್ದು ನಮ್ಮತ್ತೆ. ಕಲಬುರಗಿಯವ್ರು. ಇಲ್ಲಿಗೆ ಬಂದಿದ್ದಾಗ ಒಂದು ರಾತ್ರಿ ಸಣ್ಣಗೆ ನಡುಗ್ತು, ನಾವು ಮಗ್ಗುಲು ಬದಲಾಯಿಸಿ ಮಲಗಿದ್ವಿ, ಅವ್ರು ಬರಿಗಾಲಲ್ಲಿ ರಸ್ತೆಗೆ ಓಡಿದ್ರು. 1993ರ ಸೆಪ್ಟೆಂಬರ್ 30, ಗಣಪತಿ ಕಳ್ಸಿ ಜನ ಮಲಗಿದ್ದ ಬೆಳಗಿನ ಜಾವ ಮಹಾರಾಷ್ಟ್ರದ ಕಿಲ್ಲಾರಿ ಭೂಕಂಪ ಆದಾಗ ಕಲಬುರಗೀಲಿ ಮಂಚ ಅಲ್ಲಾಡಿದ್ದು ಅವ್ರಿಗೆ ಇನ್ನೂ ಮರ್ತಿಲ್ಲ. ನಾನು ಇಲ್ಲಿ ಹೊರಗೆ ಓಡ್ಬಾರ್ದು, ಟೇಬಲ್ ಕೆಳಗೆ ಕೂತು ಅದರ ಕಾಲು ಗಟ್ಟಿಯಾಗಿ ಹಿಡ್ಕೋಬೇಕು ಅಂದ್ರೆ, "ಕಿಲ್ಲಾರಿಯಾಗ ಒಳಗಿದ್ದೋರೇ ಸತ್ತಾರ, ನೀವ್ ನೋಡಿದ್ರ ಟೇಬಲ್ ಕೆಳಗ ಕುಂದ್ರು ಅಂತೀರಿ" ಅಂದ್ರು.

ಅವ್ರು ಹೇಳೋದು ಅಲ್ಲಿಗೆ ಸರಿ. ಅಲ್ಲಿ ಕಲ್ಲು ಮಣ್ಣಿನ ದಪ್ಪ ಗೋಡೆ, ಮೇಲೆ ಮಣ್ಣು ಹೇರಿದ ಮಾಳಿಗೆ, ಕುಸಿದ್ರೆ ನೇರ ತಲೆ ಮೇಲೆ. ಇಲ್ಲಿ ಮರದ ಮನೆ, ಹಗುರ, ಹಾಗೆ ಕುಸಿಯೋದು ಕಮ್ಮಿ, ಹೊರಗೆ ಓಡಿದ್ರೇ ಗಾಜು, ಚಿಮ್ನಿ ಇಟ್ಟಿಗೆ ಮೈಮೇಲೆ ಬೀಳೋದು. ಆದ್ರೆ ಹಳೇ ಮನೆಗಳ ರೋಗ ಬೇರೆ, ಪೀಠದ ಮೇಲಿಂದ ಗಣಪತಿ ಜಾರಿದ ಹಾಗೆ ಇಡೀ ಮನೆ ಫೌಂಡೇಶನ್ ಬಿಟ್ಟು ಪಕ್ಕಕ್ಕೆ ಜಾರುತ್ತೆ, ಆಗ ಗ್ಯಾಸ್ ಪೈಪೂ ಕಿತ್ಕೊಂಡು ಹೋಗ್ಬಹುದು.

ಕೆಲ್ಸ ಏನಪ್ಪಾ ಅಂದ್ರೆ, ಮನೆ ನೆಲದ ಕೆಳಗಿನ ಕ್ರಾಲ್ ಸ್ಪೇಸಲ್ಲಿ (ತೆವಳ್ಕೊಂಡು ಹೋಗೋವಷ್ಟೇ ಜಾಗ) ಫೌಂಡೇಶನ್ ಕಾಂಕ್ರೀಟ್ ಮೇಲೆ ಒಂದು ಮರದ ಪಟ್ಟಿ ಇರುತ್ತೆ, ಅದನ್ನ ಕಾಂಕ್ರೀಟ್‌ಗೆ ಬೋಲ್ಟ್ ಹಾಕಿ ಬಿಗಿಯೋದು. ಅದರ ಮೇಲೆ ಮನೆಯ ನೆಲದವರೆಗೆ ಕುಳ್ಳ ಗೋಡೆ ಇದ್ರೆ (ಕ್ರಿಪ್ಪಲ್ ವಾಲ್ ಅಂತಾರೆ, ನಮ್ಮದು ಎರಡಡಿ) ಅದಕ್ಕೆ ಒಳಗಿಂದ ಪ್ಲೈವುಡ್ ಹೊಡೆಯೋದು. ಅಷ್ಟೇ. ನಮ್ಮನೇಲಿ ಒಂದು ಬದಿ ಬೋಲ್ಟೇ ಇರ್ಲಿಲ್ಲ, 70 ವರ್ಷ ಬರೀ ತೂಕದ ಮೇಲೆ ನಿಂತಿತ್ತು ಮನೆ! ಮೇಲಿಂದ ಡ್ರಿಲ್ ಹಾಕೋಕೆ ಜಾಗ ಇಲ್ಲದ ಕಡೆ ಪಕ್ಕದಿಂದ ಸ್ಟೀಲ್ ಪ್ಲೇಟ್ ಕೂರ್ಸಿದ್ರು, ಬೋಲ್ಟಿಗೆ ಗುಂಡು ವಾಷರ್ ಅಲ್ಲ, 3 ಇಂಚಿನ ಚೌಕದ್ದು. ಇದನ್ನ ನೀವೇ ಟಾರ್ಚ್ ಹಿಡ್ಕೊಂಡು ಒಳಗೆ ತೆವಳಿ ನೋಡಿ, ಫೋಟೋ ನಂಬ್ಬೇಡಿ.

ಖರ್ಚು 6,400 ಡಾಲರ್, ಎರಡೂವರೆ ದಿನ. ಕ್ಯಾಲಿಫೋರ್ನಿಯಾದ್ದು ಅರ್ಥ್‌ಕ್ವೇಕ್ ಬ್ರೇಸ್ ಪ್ಲಸ್ ಬೋಲ್ಟ್ ಅಂತ ಪ್ರೋಗ್ರಾಂ ಇದೆ, 1980ಕ್ಕಿಂತ ಹಿಂದಿನ ಇಂಥ ಮನೆಗಳಿಗೆ, ಜಿಪ್ ಕೋಡ್ ಲಿಸ್ಟಲ್ಲಿದ್ರೆ, 3,000 ಡಾಲರ್ ತನಕ ಕೊಡ್ತಾರೆ. ರಿಜಿಸ್ಟರ್ ಮಾಡಿದೋರಲ್ಲಿ ಲಾಟರಿ ಥರ ಎತ್ತುತ್ತಾರೆ. ಹೆಸ್ರು ಬರೋಕೆ ಮುಂಚೆ ಕೆಲ್ಸ ಶುರು ಮಾಡ್ಬೇಡಿ, ದುಡ್ಡು ಸಿಗಲ್ಲ.

ಸ್ಟಾರ್ ಹೋಗಿದ್ದು ಯಾಕೆ ಅಂದ್ರೆ, ಪ್ಲೈವುಡ್ ಹೊಡೆಯೋ ಭರದಲ್ಲಿ ಹೊರಗಿನ ಎರಡು ಗಾಳಿ ಕಿಂಡಿ ಮುಚ್ಚಿಬಿಟ್ಟಿದ್ರು. ಕೆಳಗೆ ಗಾಳಿ ಆಡದಿದ್ರೆ ಮರ ಕೊಳೆಯುತ್ತೆ. ನಾನೇ ಕಂಡುಹಿಡಿದು ಫೋನ್ ಮಾಡಿದ್ಮೇಲೆ ಒಂದು ವಾರ ಬಿಟ್ಟು ಬಂದು ತೂತು ಕೊರೆದ್ರು. ಪರ್ಮಿಟ್ ಫೀಸೂ ಎಸ್ಟಿಮೇಟಲ್ಲಿ ಇರ್ಲಿಲ್ಲ, ಕೊನೇಗೆ ಸೇರ್ಸಿದ್ರು. ಬೋಲ್ಟ್ ಕೆಲ್ಸ ಮಾತ್ರ ಕಣ್ಮುಚ್ಕೊಂಡು ಒಪ್ಪಬಹುದು, ಸಿಟಿ ಇನ್ಸ್ಪೆಕ್ಟರ್ ಒಂದೇ ಸಲಕ್ಕೆ ಪಾಸ್ ಮಾಡಿದ್ರು.

ಇನ್ನು ನಾವೇ ಮಾಡ್ಕೊಂಡಿದ್ದು. ವಾಟರ್ ಹೀಟರ್‌ಗೆ ಬೀಳದ ಹಾಗೆ ಗೋಡೆಗೆ ಬಿಗಿಯೋ ಪಟ್ಟಿ ಒಂದೇ ಇತ್ತು, ಇಲ್ಲಿ ಮೇಲಿನ ಭಾಗಕ್ಕೊಂದು ಕೆಳಗಿನ ಭಾಗಕ್ಕೊಂದು ಎರಡು ಬೇಕು, ಹಾರ್ಡ್‌ವೇರ್ ಅಂಗಡಿ ಕಿಟ್ ತಂದು ಭಾನುವಾರ ಕೂರ್ಸಿದೆ, ಸ್ಕ್ರೂ ಗೋಡೆ ಒಳಗಿನ ಮರಕ್ಕೇ ಹೋಗ್ಬೇಕು, ಬರೀ ಶೀಟಿಗೆ ಹೋದ್ರೆ ವೇಸ್ಟು. ಗ್ಯಾಸ್ ಮೀಟರ್ ಪಕ್ಕ ಒಂದು ವ್ರೆಂಚ್ ಕಟ್ಟಿದೀವಿ, ವಾಸನೆ ಬಂದ್ರೆ ಕಾಲು ಸುತ್ತು, ವಾಲ್ವ್ ಪೈಪಿಗೆ ಅಡ್ಡ ಆದ್ರೆ ಬಂದ್. ವಾಸನೆ ಇಲ್ದೆ ಸುಮ್ನೆ ತಿರುಗಿಸ್ಬೇಡಿ, ಆಮೇಲೆ ಗ್ಯಾಸ್ ಕಂಪ್ನಿಯವ್ರೇ ಬಂದು ಆನ್ ಮಾಡ್ಬೇಕು. ದೇವರ ಮನೇಲಿ ದೀಪ ಹಚ್ಚೋ ಮುಂಚೆನೂ ಇದೇ, ನಡುಗಿದ ದಿನ ಮೊದ್ಲು ಮೂಗು, ಆಮೇಲೆ ಕಡ್ಡಿ. ಅಟ್ಟದ ಮೇಲಿದ್ದ ವೆಟ್ ಗ್ರೈಂಡರ್ ಕಲ್ಲು ಸಮೇತ ಕೆಳಗಿಳಿಸಿದ್ದಕ್ಕೆ ಹೆಂಡ್ತಿ ಇನ್ನೂ ಬೈತಾಳೆ. ಮಂಚದ ಕೆಳಗೆ ಎಲ್ರ ಶೂ, ಅತ್ತೆದು ಕೂಡ, ಆದ್ರೆ ಅವ್ರು ಬಾಗಿಲ ಹತ್ರ ಇನ್ನೊಂದು ಜೊತೆ ಇಟ್ಕೊಂಡಿದಾರೆ.

ಚಿಮ್ನಿ ಬಾಕಿ ಇದೆ, ಕೊಟೇಶನ್ ಕೇಳಿದೀವಿ. ಅಲ್ಲೀವರೆಗೆ ಮಗಳ ಮಂಚ ಆ ಗೋಡೆಯಿಂದ ಈಚೆಗೆ ಎಳ್ದಿದೀವಿ.